ಕತ್ತಲಲ್ಲಿ ಕಾಣುವುದೆಷ್ಟು, ಕಾಣದ್ದೆಷ್ಟು?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರ ಮೇಜಿನ ಬಳಿ ಹೊಸದಾಗಿ ಕೂತವರಿಗೆ ಒಂದು ತಕರಾರು ಬೇಗನೆ ಕಿವಿಗೆ ಬೀಳುತ್ತದೆ. ತಂಡ ಗುಹೆಯ ಬಾಯಿಗೆ ಬಂದು ನಿಂತಿದೆ. ಮನುಷ್ಯನ ಪಾತ್ರ ಆಡುತ್ತಿರುವವನು ಪಂಜು ಹೊತ್ತಿಸುತ್ತೇನೆ ಅನ್ನುತ್ತಾನೆ. ಎಲ್ಫ್ ಆಗಿರುವವಳು, "ಬೇಡ ಬಿಡೋ, ನನಗೆ ಡಾರ್ಕ್‌ವಿಷನ್ ಇದೆ, ಎಲ್ಲಾ ಕಾಣುತ್ತೆ" ಅನ್ನುತ್ತಾಳೆ. ಆಟ ನಡೆಸುವ ಡಂಜನ್ ಮಾಸ್ಟರ್ ಸರಿ ಎಂದು ತಲೆಯಾಡಿಸಿದರೆ ಆ ಸಂಜೆಯ ಅರ್ಧ ರುಚಿ ಅಲ್ಲಿಗೇ ಮುಗಿಯಿತು. ಎಲ್ಲಾ ಕಾಣುತ್ತದೆ ಎಂದು ನಿಯಮ ಎಲ್ಲೂ ಹೇಳಿಲ್ಲ.

2014ರ ಐದನೆಯ ಆವೃತ್ತಿಯನ್ನೇ ಹಿಡಿಯೋಣ, ಇವತ್ತಿಗೂ ಬಹಳ ಮಂದಿ ಆಡುವುದು ಅದನ್ನೇ. ಅದರಲ್ಲಿ ಬೆಳಕಿಗೆ ಮೂರು ಮಟ್ಟ: ಪೂರ್ಣ ಬೆಳಕು, ಮಬ್ಬು ಬೆಳಕು, ಕತ್ತಲೆ. ಡಾರ್ಕ್‌ವಿಷನ್ ಮಾಡುವುದು ಇಷ್ಟೇ: ಸಾಮಾನ್ಯವಾಗಿ 60 ಅಡಿಯೊಳಗೆ, ಇರುವ ಬೆಳಕನ್ನು ಒಂದು ಮೆಟ್ಟಿಲು ಮೇಲಕ್ಕೇರಿಸುತ್ತದೆ. ಮಬ್ಬು ಬೆಳಕು ಪೂರ್ಣ ಬೆಳಕಾಗುತ್ತದೆ, ಕತ್ತಲೆ ಮಬ್ಬಾಗುತ್ತದೆ. ಕತ್ತಲೆ ಹಗಲಾಗುವುದಿಲ್ಲ. ಮಬ್ಬಿನಲ್ಲಿ ಕಣ್ಣಿಂದ ಏನನ್ನಾದರೂ ಪತ್ತೆಹಚ್ಚಬೇಕಾದರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ಒಪ್ಪಿಕೊಳ್ಳಬೇಕು. ಹುಡುಕದೆ ಸುಮ್ಮನೆ ನಡೆಯುತ್ತಿರುವಾಗ ಗಮನಕ್ಕೆ ಬೀಳುವ ಅಳತೆಯಲ್ಲೂ 5 ಕಳೆಯಬೇಕು. ಅಂದರೆ ಕಗ್ಗತ್ತಲಲ್ಲಿ ನಮ್ಮ ಎಲ್ಫ್, ಮುಸ್ಸಂಜೆಯಲ್ಲಿ ನಡೆಯುವ ಮನುಷ್ಯನಿಗೆ ಸಮ. ಎದುರಿನ ಕಂಬ ಕಾಣುತ್ತದೆ. ಕಂಬದಿಂದ ಕಂಬಕ್ಕೆ ಪಾದದ ಎತ್ತರದಲ್ಲಿ ಕಟ್ಟಿದ ಬಲೆಯ ತಂತಿ ಕಾಣದೇ ಹೋಗಬಹುದು.

ಹಾಗಾದರೆ ಪಂಜೇ ಮೇಲೇ? ಅದಕ್ಕೂ ತೆರಬೇಕಾದ ಬೆಲೆಯಿದೆ. ಪಂಜು 20 ಅಡಿ ಪೂರ್ಣ ಬೆಳಕು, ಅದರಾಚೆ ಇನ್ನೊಂದು 20 ಅಡಿ ಮಬ್ಬು ಬೆಳಕು ಕೊಟ್ಟು ಒಂದು ಗಂಟೆಗೆ ಆರಿಹೋಗುತ್ತದೆ. ಹಿಡಿಯಲು ಒಂದು ಕೈ ಬೇಕು. ಗುರಾಣಿಯನ್ನೋ ಎರಡು ಕೈಯ ಕತ್ತಿಯನ್ನೋ ಬದಿಗಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಉರಿ ಗುಹೆಯಲ್ಲಿರುವ ಗಾಬ್ಲಿನ್‌ಗಳಿಗೆಲ್ಲ ನೀವು ಬಂದ ಸುದ್ದಿ ಮುಟ್ಟಿಸುತ್ತದೆ. ತಂತಿ ಕಾಣದೆ ಬೀಳಬೇಕೋ, ಶತ್ರುವಿಗೆ ಕಂಡು ಸಾಯಬೇಕೋ? ಈ ನಿಯಮದ ಸೊಗಸು ಇಲ್ಲೇ ಇದೆ. ಆಟಗಾರರು ದನಿ ತಗ್ಗಿಸಿ ಇದನ್ನು ಚರ್ಚಿಸತೊಡಗಿದರೆ, ನೋಡುವವರಾದ ನೀವು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳಿ.

ಎರಡನೆಯ ಸೊಗಸು ಬಣ್ಣದ್ದು. ಕತ್ತಲಲ್ಲಿ ಡಾರ್ಕ್‌ವಿಷನ್‌ಗೆ ಬಣ್ಣ ತಿಳಿಯದು, ಬೂದಿಯ ಹಲವು ಛಾಯೆಗಳಷ್ಟೇ. ಒಳ್ಳೆಯ ಡಂಜನ್ ಮಾಸ್ಟರ್ ಈ ಒಂದು ಸಾಲನ್ನು ಹಿಡಿದು ಇಡೀ ಕೋಣೆಯನ್ನು ಕಟ್ಟಬಲ್ಲರು. ನೆಲದ ಮೇಲೆ ಹರಡಿರುವುದು ನೀರೋ ನೆತ್ತರೋ? ಕಪಾಟಿನ ಎರಡು ಸೀಸೆಗಳಲ್ಲಿ ಒಂದು ಕೆಂಪು ಮದ್ದು, ಇನ್ನೊಂದು ಹಸಿರು ವಿಷ. ಎಲ್ಫ್ ಕಣ್ಣಿಗೆ ಎರಡೂ ಒಂದೇ. ಗೋಡೆಯ ಚಿತ್ರದಲ್ಲಿ ಯಾವ ರಾಜನ ಬಾವುಟವಿದೆ ಎಂದು ಹೇಳಲು ಯಾರಾದರೂ ದೀಪ ತರಲೇಬೇಕು. "ನಿನಗೆ ಕಾಣುತ್ತೆ, ಆದರೆ ಬಣ್ಣ ಇಲ್ಲ" ಎಂದು ಮಾಸ್ಟರ್ ಹೇಳಿದಾಗ ಎಲ್ಫ್ ಆಡುವವಳು ಮುಖ ಸಿಂಡರಿಸಿದರೆ ಆಟ ಸರಿದಾರಿಯಲ್ಲಿದೆ ಎಂದರ್ಥ.

ಇನ್ನು ಅಕ್ಷರಕ್ಕೆ ಅಂಟಿಕೊಂಡು ನಿಯಮ ಓದುವವರ ವಿಚಾರ. 2014ರ ಮೊದಲ ಮುದ್ರಣದಲ್ಲಿ, ದಟ್ಟ ಕತ್ತಲ ಜಾಗದಲ್ಲಿರುವವರು ಕುರುಡರಿದ್ದಂತೆ ಎಂಬ ಅರ್ಥದ ವಾಕ್ಯವಿತ್ತು. ಹಾಗೇ ಓದಿದರೆ, ಕತ್ತಲಲ್ಲಿ ನಿಂತವನಿಗೆ ದೂರದಲ್ಲಿ ಉರಿಯುವ ಬೆಂಕಿಯೂ ಕಾಣಬಾರದು! ಆಮೇಲಿನ ತಿದ್ದುಪಡಿಯಲ್ಲಿ, ಕತ್ತಲ ಜಾಗದೊಳಗೆ ಇರುವುದನ್ನು ನೋಡಲು ಹೋದಾಗ ಮಾತ್ರ ಕುರುಡು ಎಂದಾಯಿತು. ಬುದ್ಧಿಯಿದ್ದ ಮಾಸ್ಟರ್‌ಗಳು ತಿದ್ದುಪಡಿಗೆ ಕಾಯದೆ ಮೊದಲಿಂದಲೂ ಹೀಗೇ ಆಡಿಸುತ್ತಿದ್ದರು. ಇನ್ನೊಂದು ವಿಚಿತ್ರ ಉಳಿದುಕೊಂಡಿದೆ. ಕಾಣದವನಿಗೆ ಹೊಡೆಯುವುದು ಕಷ್ಟ, ಹೊಡೆಯುವವನೇ ಕಾಣದಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. ಇವೆರಡೂ ಒಂದನ್ನೊಂದು ವಜಾ ಮಾಡುತ್ತವೆ. ಹೀಗಾಗಿ ಪರಸ್ಪರ ಕಾಣದ ಇಬ್ಬರು ಕತ್ತಲಲ್ಲಿ ಹಾಡುಹಗಲಿನಷ್ಟೇ ಚೆನ್ನಾಗಿ ಹೊಡೆದಾಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಶತ್ರು ಎಲ್ಲಿದ್ದಾನೆ ಎಂಬುದನ್ನು ಹೆಜ್ಜೆ ಸಪ್ಪಳದಿಂದ ಊಹಿಸಲು ಹೇಳುವ ಮಾಸ್ಟರ್ ನನ್ನ ಮೆಚ್ಚಿನವರು, ಆಟ ಸ್ವಲ್ಪ ನಿಧಾನವಾದರೂ ಸರಿಯೇ.

ಮಂತ್ರದ ಕತ್ತಲೆಯ ಲೆಕ್ಕ ಬೇರೆ. 'ಡಾರ್ಕ್‌ನೆಸ್' ಎಂಬ ಮಂತ್ರ 15 ಅಡಿ ತ್ರಿಜ್ಯದಲ್ಲಿ ಹರಡುವ ಕತ್ತಲನ್ನು ಡಾರ್ಕ್‌ವಿಷನ್ ಭೇದಿಸಲಾರದು. 'ಡೆವಿಲ್ಸ್ ಸೈಟ್' ಎಂಬ ಶಕ್ತಿ ಪಡೆದ ವಾರ್ಲಾಕ್ ಎಂಬ ಮಂತ್ರವಾದಿಗೆ ಮಾತ್ರ 120 ಅಡಿವರೆಗೆ ಸಲೀಸು. ಅವನು ಖುಷಿಯಿಂದ ಮಂತ್ರ ಹಾಕುತ್ತಾನೆ, ಸ್ವಂತ ತಂಡದವರೇ ಕುರುಡರಾಗಿ ಅವನನ್ನು ಬಯ್ಯುತ್ತಾರೆ.

ಹಿನ್ನೆಲೆ ಗೊತ್ತಿದ್ದರೆ ಈ ಜಗಳಗಳು ಇನ್ನೂ ರುಚಿಸುತ್ತವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೂಲ ಆಟದಲ್ಲಿ ನೆಲಮಾಳಿಗೆಯ ಕತ್ತಲೆ ಬೇಕೆಂದೇ ಪಕ್ಷಪಾತಿ. ಅಲ್ಲಿನ ರಾಕ್ಷಸರಿಗೆಲ್ಲ ಕತ್ತಲಲ್ಲಿ ಕಾಣುತ್ತದೆ, ಆಟಗಾರರ ಪಾತ್ರಗಳಿಗೆ ಕಾಣದು. ರಾಕ್ಷಸನೊಬ್ಬ ಆಟಗಾರರ ಕಡೆಗೆ ಸೇರಿಕೊಂಡನೋ, ಅವನಿಗೂ ಆ ಶಕ್ತಿ ಹೋಯಿತು! ಆ ದಶಕದ ಕೊನೆಗೆ ಬಂದ ಅಡ್ವಾನ್ಸ್ಡ್ ಆವೃತ್ತಿ ಇದಕ್ಕೆ ವಿಜ್ಞಾನದ ಅಂಗಿ ತೊಡಿಸಿತು: ಎಲ್ಫ್, ಡ್ವಾರ್ಫ್‌ಗಳ ಇನ್‌ಫ್ರಾವಿಷನ್ ಮೈಯ ಶಾಖವನ್ನು ಕಾಣುತ್ತದಂತೆ. ಮೈ ತಣ್ಣಗಿರುವ ಅಸ್ಥಿಪಂಜರ ಕಂಡೀತೇ? ಕೈಯಲ್ಲಿ ಪಂಜಿದ್ದರೆ ಕಣ್ಣು ಕೆಟ್ಟೀತೇ? ಮೇಜುಗಳು ವರ್ಷಗಟ್ಟಲೆ ಭೌತಶಾಸ್ತ್ರದ ತರಗತಿಗಳಾದವು. 2000ದ ಮೂರನೆಯ ಆವೃತ್ತಿ ಶಾಖವನ್ನು ಕೈಬಿಟ್ಟು ಕಪ್ಪುಬಿಳುಪಿನ ಡಾರ್ಕ್‌ವಿಷನ್ ತಂದದ್ದು ಒಳ್ಳೆಯದೇ ಆಯಿತು.

2024ರ ಪುಸ್ತಕದಲ್ಲಿ ಡ್ವಾರ್ಫ್, ಆರ್ಕ್‌ಗಳ ನೋಟ 120 ಅಡಿಗೆ ಹಿಗ್ಗಿದೆ, ಡ್ರಾಗನ್‌ಬಾರ್ನ್‌ಗೂ ಡಾರ್ಕ್‌ವಿಷನ್ ಬಂದಿದೆ. ಕಾಣದವರೆಂದು ಉಳಿದದ್ದು ಮನುಷ್ಯ, ಹಾಫ್‌ಲಿಂಗ್, ಗೋಲಿಯತ್ ಅಷ್ಟೇ. ಈ ಧಾರಾಳ ನನಗೆ ಹಿಡಿಸದು. ಎಲ್ಲರಿಗೂ ಹಂಚಿದ ವರ ವರವಲ್ಲ. ಕತ್ತಲಿಗೆ ಬೆಲೆ ಇರುವ ಆಟ ನೋಡಬೇಕೆಂದರೆ ಕೆಲ್ಸಿ ಡಿಯಾನ್ 2023ರಲ್ಲಿ ಹೊರತಂದ 'ಶಾಡೋಡಾರ್ಕ್' ಆಡುವ ಮೇಜು ಹುಡುಕಿ. ಅಲ್ಲಿ ಆಟಗಾರರ ಯಾವ ಪಾತ್ರಕ್ಕೂ ಕತ್ತಲಲ್ಲಿ ಕಾಣುವುದಿಲ್ಲ, ರಾಕ್ಷಸರಿಗೆ ಕಾಣುತ್ತದೆ. ಪಂಜು ಉರಿಯುವುದು ಒಂದು ಗಂಟೆ, ಕಥೆಯೊಳಗಿನ ಗಂಟೆಯಲ್ಲ, ಗಡಿಯಾರದ ಗಂಟೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟಿರುತ್ತಾರೆ. ನೀವು ಅದರ ಪಕ್ಕದಲ್ಲೇ ಕೂತುಕೊಳ್ಳಿ, ಎಷ್ಟು ಹೊತ್ತು ಉಳಿದಿದೆ ಎಂದು ಆಟಗಾರರು ಕೇಳಿದರೂ ಬಾಯಿ ಬಿಡಬೇಡಿ.