ಜಾಮೀನು ಹಾಕಿದವರ ಲೆಕ್ಕ

ಹಿಂದೊಮ್ಮೆ ನಮ್ಮಪ್ಪ ಕುಂದಾಪುರ ಕಡೆಯ ಒಂದು ಸೊಸೈಟಿಯಲ್ಲಿ ನೆರೆಯವನ ಸಾಲಕ್ಕೆ ಜಾಮೀನಾಗಿ ಹೆಬ್ಬೆಟ್ಟು ಒತ್ತಿದ. ನೆರೆಯವನು ಊರು ಬಿಟ್ಟ. ನೋಟೀಸು ನಮ್ಮ ಗುಡಿಸಲಿಗೆ ಬಂತು. "ಅವ ಹೀಂಗಂತ ನಂಗ್ ಗೊತ್ತಿರ್ಲಿಲ್ಲೆ ಒಡೆಯಾ" ಅಂದ ಅಪ್ಪ. "ಹೆಬ್ಬೆಟ್ ಒತ್ತೂಕೆ ಮುಂಚೆ ಕಾಣ್ಕಿತ್ತ್" ಅಂದರು ಅವರು. ಕಾನೂನು ಅವರ ಕಡೆಗೇ ಇತ್ತು. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಸಾಲಗಾರನಿಗೆ ಇರುವಷ್ಟೇ ಹೊಣೆ ಜಾಮೀನುದಾರನಿಗೂ ಇದೆ.

ಓಟಿನ ವೇದಿಕೆಯಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು "ಇವರನ್ನು ಗೆಲ್ಲಿಸಿ" ಎನ್ನುವುದೂ ಜಾಮೀನೇ. ಆದರೆ ಅದರ ನೋಟೀಸು ಯಾವ ದೊಡ್ಡ ಮನೆಗೆ ಹೋಗಿದೆ?

2024ರ ಏಪ್ರಿಲ್ 14, ಅಂಬೇಡ್ಕರ್ ಹುಟ್ಟಿದ ದಿನ. ಮೈಸೂರಿನಲ್ಲಿ ಪ್ರಧಾನಿ ಮೋದಿ ಮೈತ್ರಿ ಅಭ್ಯರ್ಥಿಗಳಿಗೆ ಓಟು ಕೇಳಿದರು. ಹಾಸನದ ಪ್ರಜ್ವಲ್ ರೇವಣ್ಣ ಅವರಲ್ಲೊಬ್ಬ. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ, ಮನೆಗೆಲಸದ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ ಅಪರಾಧಿ ಇವನು ಎಂದಿತು. ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು.

ಹಾಗಾದರೆ ಜಾಮೀನು ಹಾಕಿದವರನ್ನೂ ಅದೇ ಕಟಕಟೆಗೆ ಹತ್ತಿಸೋಣವೇ? ಬೇಡ. ಒಬ್ಬ ತಪ್ಪಿದರೆ ಇಡೀ ಕೇರಿಗೆ ದಂಡ ಹಾಕಿದ್ದನ್ನು ಕಂಡವರು ನಾವು. ಅದೇ ಅನ್ಯಾಯದ ಕೋಲನ್ನು ನಾವು ಎತ್ತಬಾರದು. ನಾವು ಕೇಳಬೇಕಾದ್ದು ಮೂರೇ ಪ್ರಶ್ನೆ: ಗೊತ್ತಿತ್ತೇ? ತಿಳಿಯುವ ದಾರಿ ಇತ್ತೇ? ತಿಳಿದ ಮೇಲೆ ಏನು ಮಾಡಿದರು?

2019ರಲ್ಲಿ ಇದೇ ಪ್ರಜ್ವಲ್ ಗೆದ್ದದ್ದು ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಅಭ್ಯರ್ಥಿಯಾಗಿ. ಆಗ ಈ ಯಾವ ಸಂಗತಿಯೂ ಬಯಲಿಗೆ ಬಂದಿರಲಿಲ್ಲ. ಆ ಜಾಮೀನನ್ನೂ ಈ ಜಾಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

2024ರ ಹೊತ್ತಿಗೆ ಕಥೆ ಬೇರೆಯಾಗಿತ್ತು. 2023ರ ಜೂನ್‌ನಲ್ಲೇ ತನ್ನ ಬಗ್ಗೆ ವಿಡಿಯೊ, ಸುದ್ದಿ ಪ್ರಕಟಿಸದಂತೆ ಪ್ರಜ್ವಲ್ ಮಾಧ್ಯಮಗಳ ಮೇಲೆ ಕೋರ್ಟಿನಿಂದ ತಡೆ ತಂದಿದ್ದ. ಸೆಪ್ಟೆಂಬರಿನಲ್ಲಿ ಹೈಕೋರ್ಟು ಅವನ 2019ರ ಆಯ್ಕೆಯನ್ನೇ ಅಸಿಂಧು ಎಂದಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಡಿಸೆಂಬರಿನಲ್ಲಿ ಹೊಳೆನರಸೀಪುರದ ಬಿಜೆಪಿ ಮುಖಂಡ ದೇವರಾಜೇಗೌಡರು ಪೆನ್‌ಡ್ರೈವ್ ಬಗ್ಗೆ ತಮ್ಮ ಪಕ್ಷಕ್ಕೇ ಎಚ್ಚರಿಕೆಯ ಪತ್ರ ಬರೆದೆ ಎಂದಿದ್ದಾರೆ. ಪ್ರಧಾನಿ ಅದನ್ನು ಓದಿದ್ದರು ಎನ್ನಲು ನಮ್ಮ ಕೈಯಲ್ಲಿ ಸಾಕ್ಷ್ಯವಿಲ್ಲ. ಇಲ್ಲದ್ದನ್ನು ನಾವು ಹೇಳುವುದಿಲ್ಲ. ಆದರೆ ತಿಳಿಯುವ ದಾರಿ ಇರಲಿಲ್ಲವೇ? ಗುಡಿಸಲಿನ ಅಪ್ಪನಿಗೆ "ಕಾಣ್ಕಿತ್ತ್" ಎನ್ನುವ ನಾಡು ದಿಲ್ಲಿಗೆ ಯಾಕೆ ಹಾಗನ್ನುವುದಿಲ್ಲ?

ಮೂರನೆಯ ಪ್ರಶ್ನೆಯೇ ಮುಖ್ಯ. ಮೊಮ್ಮಗನ ಬೆನ್ನಿಗೆ ನಿಂತಿದ್ದ ದೇವೇಗೌಡರು 2024ರ ಮೇ 23ರಂದು, ಮರಳಿ ಬಂದು ಕಾನೂನಿಗೆ ತಲೆಬಾಗು ಎಂದು ಬಹಿರಂಗ ಎಚ್ಚರಿಕೆ ಬರೆದರು. ಮೇ 31ರಂದು ಅವನು ಬಂದ, ಬಂಧನವಾಯಿತು. ತಡವಾದರೂ ಅದು ಜಾಮೀನುದಾರನ ಕೆಲಸ. ಅಷ್ಟರ ಮಟ್ಟಿಗೆ ಒಪ್ಪೋಣ. ಮೋದಿಯವರು ಅಂಥವರನ್ನು ಬಿಡಬಾರದು ಎಂದರು, ರಾಜ್ಯ ಸರ್ಕಾರದತ್ತ ಬೆರಳು ತೋರಿದರು. ತಾನು ಕೇಳಿದ ಓಟಿನ ಬಗ್ಗೆ ವಿಷಾದದ ಒಂದು ಮಾತು ನಮಗೆ ಕೇಳಿಸಲಿಲ್ಲ.

ಸಂಗಾತಿಗಳೇ, ನಮ್ಮೂರಿನದೇ ಒಂದು ಸಂಗತಿ ಇದೆ. ಕುಂದಾಪುರ, ಬ್ರಹ್ಮಾವರದವರು ಉಡುಪಿ-ಚಿಕ್ಕಮಗಳೂರಿಗೆ ಏಪ್ರಿಲ್ 26ರಂದೇ ಓಟು ಹಾಕಿದ್ದರು. ಬೈಂದೂರಿನವರು ಶಿವಮೊಗ್ಗ ಕ್ಷೇತ್ರದವರು. ಅವರ ಸರದಿ ಮೇ 7ಕ್ಕೆ, ಸುದ್ದಿಯೆಲ್ಲ ಬಯಲಾದ ಮೇಲೆ. ಓಟು ಯಾರಿಗಾದರೂ ಹಾಕಲಿ, ಅದು ಅವರ ಹಕ್ಕು. ಆದರೆ ಆ ಹನ್ನೊಂದು ದಿನದಲ್ಲಿ ಓಟು ಕೇಳಲು ಬಂದವರನ್ನು ನಿಲ್ಲಿಸಿ, "ಹ್ವಾಯ್, ಅಲ್ಲಿ ಹಾಕಿದ ಜಾಮೀನಿಗೆ ಎಂತ ಹೇಳ್ತ್ರಿ?" ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?

ಆ ಮನೆಗೆಲಸದ ಹೆಂಗಸಿಗೆ ಯಾರೂ ಜಾಮೀನು ನಿಂತಿರಲಿಲ್ಲ. ಅವಳು ಕೋರ್ಟಿನಲ್ಲಿ ತನ್ನ ಮಾತಿಗೆ ತಾನೇ ನಿಂತಳು. ನಮ್ಮಪ್ಪ ಕೂಲಿ ಮಾಡಿ ನೆರೆಯವನ ಸಾಲ ತೀರಿಸಿದ. ದೊಡ್ಡವರಿಂದ ನಾವು ಕೇಳುತ್ತಿರುವುದು ಇದಕ್ಕಿಂತ ಹೆಚ್ಚಿನದೇನಲ್ಲ.