ರಾವಣನ ಪಶ್ಚಾತ್ತಾಪ, ಸೀತೆಯ ಪಾಡು

ರಾಕ್ಷಸನ ಕಡೆಯಿಂದ ಕಥೆ ಹೇಳುವುದು ಈ ಕಾಲದ ಹೊಸ ಚಾಳಿ ಎನ್ನುವವರು ಒಮ್ಮೆ ನಾಗಚಂದ್ರನನ್ನು ಓದಬೇಕು. ಸುಮಾರು 1100ರ ಹೊತ್ತಿಗೇ ಈ ಜೈನಕವಿ ತನ್ನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನ ಮನಸ್ಸನ್ನು ಹೊಕ್ಕು ನೋಡಿದ್ದಾನೆ.

ನಮ್ಮ ವಿಜಯನಗರ, ರಾಜಾಜಿನಗರಗಳಲ್ಲಿ ರಾಮನವಮಿಯ ಪಾನಕ, ಕೋಸಂಬರಿಯ ಜೊತೆ ಕೇಳುವ ಕಥೆಯಲ್ಲಿ ರಾವಣನಿಗೆ ಹತ್ತು ತಲೆ. ಜೈನ ಪರಂಪರೆಯಲ್ಲಿ ಒಂದೇ ತಲೆ. ಮಗುವಾಗಿದ್ದಾಗ ಕೊರಳಲ್ಲಿದ್ದ ಹಾರದ ರತ್ನಗಳಲ್ಲಿ ಅವನ ಮುಖ ಒಂಬತ್ತಾಗಿ ಮೂಡಿತಂತೆ. ಅದರಿಂದ ದಶಮುಖನೆಂಬ ಹೆಸರು. ಉಳಿದ ತಲೆಗಳು ಹೋದ ಮೇಲೆ ಕಾಣುವವನು ನಮ್ಮ ನಡುವೆಯೇ ಇರಬಹುದಾದ ಗಂಡಸು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ಹಿಡಿದಿದ್ದವನು ಸೀತೆಯನ್ನು ಕಂಡು ಜಾರುತ್ತಾನೆ. ತನ್ನ ಬೆದರಿಕೆಗೆ ಅವಳು ಮೂರ್ಛೆ ಹೋದಾಗ ಅವನ ಮನಸ್ಸು ತಿರುಗುತ್ತದೆ. ಒಲಿದವರನ್ನು ಅಗಲಿಸಿದೆನಲ್ಲ, ವಿಭೀಷಣನ ಮಾತು ಮೀರಿದೆನಲ್ಲ ಎಂದು ಮರುಗುತ್ತಾನೆ. ಬಿ.ಎಂ.ಶ್ರೀ. ಅವರು ಇವನಲ್ಲಿ ಗ್ರೀಕ್ ದುರಂತನಾಟಕಗಳ ನಾಯಕನನ್ನು ಕಂಡರು.

ಆದರೆ ಮರುಗಿದವನು ಮಾಡಿದ್ದೇನು? ಈಗಲೇ ಸೀತೆಯನ್ನು ಒಪ್ಪಿಸಿದರೆ ಹೆದರಿದನೆಂದಾರು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುತ್ತೇನೆ ಎಂದು ನಿಶ್ಚಯಿಸುತ್ತಾನೆ. ಇದನ್ನು ಹಿರಿಮೆಯೆಂದು ಹೊಗಳುವಾಗ ನಾವು ಸೀತೆಯನ್ನು ಮರೆತುಬಿಡುತ್ತೇವೆ. ಅವನ ಕಣ್ಣು ತೆರೆದ ಮೇಲೂ ಅವಳ ಸೆರೆ ತೆರೆಯಲಿಲ್ಲ. ತಪ್ಪು ಅವನದು, ಮಾನವೂ ಅವನದು. ಕಾಯಬೇಕಾದವಳು ಮಾತ್ರ ಸೀತೆ. ಹೆಂಡತಿಯದೇನೂ ತಪ್ಪಿಲ್ಲವೆಂದು ತಿಳಿದ ಮೇಲೂ, ‘ನಾನಾಗಿ ಹೋಗಿ ಕರೆದರೆ ನನ್ನ ಮರ್ಯಾದೆ ಏನಾಗಬೇಕು?’ ಎಂದು ಅವಳನ್ನು ತವರಿನಲ್ಲೇ ಬಿಟ್ಟ ಗಂಡಂದಿರನ್ನು ನಾವು ನೋಡಿಲ್ಲವೇ?

ನಾಗಚಂದ್ರನ ದೊಡ್ಡತನವೆಂದರೆ ಇದನ್ನು ಅವನು ಮುಚ್ಚಿಡಲಿಲ್ಲ. ಆ ಒಣ ಅಭಿಮಾನವೇ ರಾವಣನನ್ನು ರಣಕ್ಕೆ ಎಳೆಯುತ್ತದೆ. ಲಕ್ಷ್ಮಣನ ಕೈಯಲ್ಲಿ ಅವನು ಸಾಯುತ್ತಾನೆ.

1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಶ್ರೀರಾಮಾಯಣದರ್ಶನಂ’ನಲ್ಲಿ ಕುವೆಂಪು ಈ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ರಾವಣ ಕನಸಿನಲ್ಲಿ ಸೀತೆಯ ಮಡಿಲ ಮಗುವಾಗುತ್ತಾನೆ. ಅಷ್ಟೇ ಅಲ್ಲ, ಅಗ್ನಿಪ್ರವೇಶದಲ್ಲಿ ರಾಮನೂ ಬೆಂಕಿಗಿಳಿಯುತ್ತಾನೆ. ರಾಕ್ಷಸನ ಮನಸ್ಸನ್ನು ಅರಿತ ಕವಿ ನಾಯಕನನ್ನೂ ಪರೀಕ್ಷೆಗೆ ನಿಲ್ಲಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ರಾಕ್ಷಸರ ಮಾತನ್ನೂ ಕೇಳೋಣ, ಅವರ ದುಃಖಕ್ಕೂ ಮರುಗೋಣ. ಆದರೆ ಆ ಪಶ್ಚಾತ್ತಾಪದಿಂದ ಸೀತೆಯ ಪಾಡು ಎಷ್ಟು ಬದಲಾಯಿತು ಎಂದು ಕೇಳುವುದನ್ನು, ತಾಯಂದಿರೇ, ನಾವು ಮರೆಯಬಾರದು.