ಹಳೇ ರೇಜರು, ಯಾರ ಸಂಪ್ರದಾಯ?

ಹಳೇ ಕಾಲದ ಲೋಹದ ಸೇಫ್ಟಿ ರೇಜರಿನಲ್ಲಿ ಗಡ್ಡ ಹೆರೆಯೋದು ಬೆಂಗಳೂರಲ್ಲಿ ಈಗೊಂದು ಹವ್ಯಾಸ. ಅದನ್ನು ಕಲಿಸೋ ವಿಡಿಯೋಗಳನ್ನು ನಾನೂ ನೋಡ್ತೀನಿ. ಕೈಗೆ ಕಲಿಸೋದರಲ್ಲಿ ಅವು ಪ್ರಾಮಾಣಿಕ: ಬಿಸಿನೀರು, ಬ್ರಷ್‌ನಿಂದ ಎಬ್ಬಿಸಿದ ದಟ್ಟ ನೊರೆ, ಚರ್ಮಕ್ಕೆ ಸುಮಾರು 30 ಡಿಗ್ರಿ ಬಾಗಿದ ಬ್ಲೇಡು, ಕೂದಲು ಬೆಳೆದ ದಿಕ್ಕಿಗೇ ಮೊದಲ ಎಳೆತ. ಒತ್ತಬಾರದು, ರೇಜರಿನ ತೂಕವೇ ಸಾಕು. ಐದು ಬ್ಲೇಡಿನ ಕಾರ್ಟ್ರಿಜ್‌ಗಿಂತ ಪ್ಲಾಸ್ಟಿಕ್ ಕಸವೂ ಕಡಿಮೆ. ಇಷ್ಟಕ್ಕೆ ಪೂರ್ತಿ ಅಂಕ ಕೊಡೋಣ.

ನನ್ನ ತಕರಾರು 'ಸಂಪ್ರದಾಯ' ಅನ್ನೋ ಮಾತಿನ ಮೇಲೆ. 1904ರಲ್ಲಿ ಅಮೆರಿಕದ ಜಿಲೆಟ್ ಪೇಟೆಂಟ್ ಪಡೆದದ್ದು ಬಳಸಿ ಬಿಸಾಡೋ ಬ್ಲೇಡಿನ ರೇಜರಿಗೆ. ಮಸೆಯೋ ಕತ್ತಿಯ ಹಂಗು ತಪ್ಪಿಸಿದ ಸಾಧನ ಅದು. ನಮ್ಮ ಹಳ್ಳಿಗಳ ಸಂಪ್ರದಾಯ ಬೇರೆ: ಆಯಗಾರರಾದ ಕ್ಷೌರಿಕರಿಗೆ ಸುಗ್ಗಿಯಲ್ಲಿ ಕಾಳು, ಅವರು ಯಾರ ಗಡ್ಡ ಮುಟ್ಟಬೇಕು ಅನ್ನೋದಕ್ಕೆ ಜಾತಿಯ ಲೆಕ್ಕ. ಆ ಕಟ್ಟಿಗೆ ಕ್ಷೌರಿಕರೂ ಸಿಕ್ಕಿದವರೇ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 'ಅಂಗಡಿ' ಪದದ ವ್ಯಾಖ್ಯೆಯಲ್ಲೇ ಕ್ಷೌರದಂಗಡಿಯನ್ನೂ ಸೇರಿಸಬೇಕಾಯ್ತು. ಇಂದಿಗೂ ಕರ್ನಾಟಕದ ಹಳ್ಳಿಗಳಿಂದ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಬರ್ತಾನೇ ಇರುತ್ತೆ.

ಗೌರಸಮುದ್ರದ ನಮ್ಮನೆ ಟ್ರಂಕಿನಲ್ಲಿರೋ ತಾತನ ರೇಜರನ್ನು ನೋಡಿದ ಗೆಳೆಯರು 'ಹೆರಿಟೇಜ್' ಅಂತಾರೆ. ಸಲೂನಿನ ಕುರ್ಚಿ ಸಿಗದ ತಾತನಿಗೆ ಅದು ಹೊಸ ಕಾಲ. ಯಾರ ಮುಂದೆಯೂ ನಿಲ್ಲದೆ, ತನ್ನ ಕನ್ನಡಿ ಮುಂದೆ ತಾನೇ ಕೂತು ಮುಗಿಸೋ ಕೆಲಸ.

ವಿಡಿಯೋ ಮಾಡೋರೇ, ಕೋನ ಕಲಿಸಿ, ನೊರೆ ಕಲಿಸಿ. ಸಂಪ್ರದಾಯದಿಂದ ಬಿಡಿಸಿಕೊಳ್ಳೋಕೆ ಕೊಂಡ ವಸ್ತುವಿಗೆ ಸಂಪ್ರದಾಯದ ಚೀಟಿ ಮಾತ್ರ ಅಂಟಿಸಬೇಡಿ.